ಹಳೇ ಐ5 ಇಟ್ಟುಕೊಳ್ಳಬೇಕೋ, ಹೊಸದು ತರಬೇಕೋ: ಲ್ಯಾಪ್‌ಟಾಪ್ ಪ್ರಾಸೆಸರ್ ಹೋಲಿಸಿ ನೋಡುವ ಕ್ರಮ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎಷ್ಟೋ ಮನೆಗಳಲ್ಲಿ ಈಗ ಒಂದು ಹಳೇ ಲ್ಯಾಪ್‌ಟಾಪ್ ಇದೆ. ಬೆಂಗಳೂರಿನಲ್ಲಿರುವ ಮಗನೋ ಮಗಳೋ ಹೊಸದು ಕೊಂಡಾಗ ಊರಿಗೆ ಕಳಿಸಿದ್ದು, ಇಲ್ಲವೇ ಹುಬ್ಬಳ್ಳಿಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಕಾರವಾರದವರಾದರೆ ಮಡಗಾಂವಿಗೆ ಹೋಗಿ ತಂದಿರುತ್ತಾರೆ. ಅಡಿಕೆ ವ್ಯಾಪಾರದ ಲೆಕ್ಕ, ಸೊಸೈಟಿ ಕಾಗದಪತ್ರ, ಮಕ್ಕಳ ಪ್ರಾಜೆಕ್ಟು, ರಾತ್ರಿ ಯಕ್ಷಗಾನದ ವಿಡಿಯೊ, ಎಲ್ಲಕ್ಕೂ ಅದೇ. ಈಚೆಗೆ ಅದು ನಿಧಾನವಾಗಿದೆ. ರಿಪೇರಿಗೆ ದುಡ್ಡು ಹಾಕಬೇಕೋ ಹೊಸದನ್ನೇ ತರಬೇಕೋ ಎಂದು ಅಂಗಡಿಗೆ ಹೋದರೆ ಅಲ್ಲಿರುವ ಹೊಸ ಯಂತ್ರದ ಮೇಲೆ ‘ಐ3’ ಎಂದೋ ‘ಎನ್100’ ಎಂದೋ ಬರೆದಿರುತ್ತದೆ. “ನಮ್ಮನೇದು ಐ5, ಇದು ಬರೀ ಐ3. ಇದು ಅದಕ್ಕಿಂತ ಕಮ್ಮಿ ಅಲ್ದ?” ಎಂದು ಕೇಳದವರೇ ಇಲ್ಲ.

ಕಮ್ಮಿ ಅಲ್ಲ. ಐ3, ಐ5, ಐ7 ಎಂದು ಇಂಟೆಲ್ ಕಂಪನಿ ಇಡುವ ಹೆಸರು ಆಯಾ ವರ್ಷದ ಪ್ರಾಸೆಸರ್‌ಗಳ (ಲ್ಯಾಪ್‌ಟಾಪ್‌ನ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್ಪುಗಳ) ನಡುವಿನ ಅಂತಸ್ತನ್ನು ಮಾತ್ರ ಹೇಳುತ್ತದೆ. 2013ರ ಐ5ನ್ನು 2022ರ ಐ3ರ ಪಕ್ಕ ಇಟ್ಟು ಹೆಸರಿನಿಂದಲೇ ತೂಗಿದರೆ ತಕ್ಕಡಿ ಸುಳ್ಳು ಹೇಳುತ್ತದೆ. ಹಾಗಿದ್ದರೆ ಯಾವುದನ್ನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು? ಅದನ್ನೇ ಇಲ್ಲಿ ಹೇಳುತ್ತೇನೆ. ಮಾತಿಗೊಂದು ಆಧಾರ ಇರಲೆಂದು ಎರಡು ಚಿಪ್ಪುಗಳನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಒಂದು, ಆಫೀಸುಗಳಿಂದ ಹೊರಬಿದ್ದ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಧಾರಾಳವಾಗಿ ಸಿಗುವ ಇಂಟೆಲ್ ಕೋರ್ ಐ5-4300ಯು, 2013ರದ್ದು. ಇನ್ನೊಂದು, ಈಗಿನ ಅಗ್ಗದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬರುವ ಇಂಟೆಲ್ ಎನ್100, 2023ರದ್ದು.

ಮೊದಲ ಕೆಲಸ: ಪೂರ್ತಿ ನಂಬರ್ ಹಿಡಿಯಿರಿ

ಸ್ಟಿಕ್ಕರ್ ನಂಬಬೇಡಿ. ಅದು ಅರ್ಧ ಹೆಸರು ಮಾತ್ರ ಹೇಳುತ್ತದೆ, ಹಳೇ ಯಂತ್ರಗಳಲ್ಲಿ ಬೇರೆಯದರ ಸ್ಟಿಕ್ಕರ್ ಅಂಟಿಸಿರುವುದೂ ಉಂಟು. ವಿಂಡೋಸ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಸಿಪಿಯು (ಪ್ರಾಸೆಸರ್‌ಗೇ ಇನ್ನೊಂದು ಹೆಸರು). ಮೇಲೆ ಬಲಗಡೆ ಪ್ರಾಸೆಸರ್‌ನ ಪೂರ್ಣ ಹೆಸರು, ಕೆಳಗೆ ಬೇಸ್ ಸ್ಪೀಡ್, ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ) ಎಷ್ಟು, ಲಾಜಿಕಲ್ ಪ್ರಾಸೆಸರ್ ಅಥವಾ ಥ್ರೆಡ್ (ಕೋರ್‌ಗಳು ಒಟ್ಟಿಗೆ ಹಿಡಿದುಕೊಳ್ಳಬಲ್ಲ ಕೆಲಸದ ಸಾಲು) ಎಷ್ಟು, ಕ್ಯಾಶ್ (ಚಿಪ್ಪಿನೊಳಗಿನ ಚಿಕ್ಕ, ಚುರುಕಾದ ಮೆಮೊರಿ) ಎಷ್ಟು ಎಂಬುದೆಲ್ಲ ಒಂದೇ ಪುಟದಲ್ಲಿ ಸಿಗುತ್ತದೆ. ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಎಂಬಲ್ಲಿ ನೋಡಿದರಾಯಿತು.

ಫೋನಿನಲ್ಲಿ ವ್ಯವಹಾರ ಮಾಡುವಾಗಲೂ ಇದನ್ನೇ ಕೇಳಬೇಕು. ಸಾಮಾನ್ಯವಾಗಿ ಮಾತು ಹೀಗೆ ಸಾಗುತ್ತದೆ:

“ಅಣ್ಣ, ಐ7 ಇದೆ, 8 ಜಿಬಿ ರ್ಯಾಮ್, ಸೂಪರ್ ಕಂಡೀಷನ್.”
“ಎಷ್ಟನೇ ಜನರೇಷನ್?”
“ಅದೆಲ್ಲ ಲೇಟೆಸ್ಟೇ ಅಣ್ಣ.”
“ಹಂಗಲ್ಲ ಮಾರಾಯ, ಟಾಸ್ಕ್ ಮ್ಯಾನೇಜರ್ ತೆಗೆದು ಸಿಪಿಯು ಪುಟದ್ದು ಒಂದು ಫೋಟೋ ಹೊಡೆದು ವಾಟ್ಸಾಪ್ ಮಾಡು. ಆಮೇಲೆ ರೇಟು ಮಾತಾಡುವ.”

ಬಂದ ಫೋಟೋದಲ್ಲಿ ಐ7-4600ಯು ಎಂದಿತ್ತು ಎನ್ನಿ. ಅದೂ 2013ರದ್ದೇ, ಕೋರ್ ಎರಡೇ. ಐ5-4300ಯು 2.9 ಗಿಗಾಹರ್ಟ್ಸ್‌ವರೆಗೆ ಓಡಿದರೆ ಇದು 3.3ರವರೆಗೆ ಓಡುತ್ತದೆ, ಕ್ಯಾಶ್ 3 ಎಂಬಿಯ ಬದಲು 4 ಎಂಬಿ. ಐ5ರಿಂದ ಐ7ಕ್ಕೆ ಏರಿದ್ದಕ್ಕೆ ಸಿಕ್ಕಿದ್ದು ಇಷ್ಟೇ. ಇದಕ್ಕಾಗಿ ಸಾವಿರಾರು ರೂಪಾಯಿ ಹೆಚ್ಚು ಕೊಡುವುದು ದಂಡ.

ನಂಬರ್ ಓದುವುದು

ಐ5-4300ಯು ಎಂಬಲ್ಲಿ ಅಡ್ಡಗೆರೆಯ ನಂತರದ ಮೊದಲ ಅಂಕಿ ಜನರೇಷನ್. ಇಲ್ಲಿ 4, ಅಂದರೆ ನಾಲ್ಕನೇ ಜನರೇಷನ್. ಐ5-8250ಯು ಎಂದರೆ ಎಂಟನೆಯದು. ಹತ್ತನೆಯದರಿಂದ ಮುಂದೆ ಮೊದಲ ಎರಡು ಅಂಕಿ ಓದಬೇಕು. ಐ5-1135ಜಿ7 ಹನ್ನೊಂದನೆಯದು, ಐ3-1215ಯು ಹನ್ನೆರಡನೆಯದು. ‘1’ರಿಂದ ಶುರುವಾಗುತ್ತದಲ್ಲ ಎಂದು 1215ನ್ನು ಮೊದಲನೇ ಜನರೇಷನ್ ಅಂದುಕೊಳ್ಳುವವರಿದ್ದಾರೆ. ನಿಜವಾದ ಮೊದಲನೇ ಜನರೇಷನ್‌ಗೆ ಐ5-520ಎಂ ಎಂಬಂತೆ ಮೂರೇ ಅಂಕಿ. ಎನ್100ಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅದು 2023ರ ಆರಂಭದಲ್ಲಿ ಬಂದ ಬೇರೆ ಸಾಲು, ಹಳೇ ಪೆಂಟಿಯಂ, ಸೆಲೆರಾನ್ ಹೆಸರುಗಳ ಜಾಗಕ್ಕೆ ಬಂದದ್ದು. 2023ರ ಡಿಸೆಂಬರ್‌ನಿಂದ ಇಂಟೆಲ್ ತನ್ನ ಹೊಸ ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ ಹೆಚ್ಚಿನವುಗಳ ಹೆಸರಿನಿಂದ ‘ಐ’ ಅಕ್ಷರ ತೆಗೆದು ಕೋರ್ ಅಲ್ಟ್ರಾ ಅಥವಾ ಬರೀ ಕೋರ್ ಎಂದು ಕರೆಯತೊಡಗಿತು.

ಕೊನೆಯ ಅಕ್ಷರಕ್ಕೂ ಬೆಲೆಯಿದೆ. ಯು ಅಂದರೆ ಕಡಿಮೆ ಕರೆಂಟ್ ತಿನ್ನುವ ಜಾತಿ, ಹೆಚ್ಚಿನವು 15 ವ್ಯಾಟ್. ಹಳೇ ಚಿಪ್ಪುಗಳ ಎಂ ಅಂದರೆ 35 ವ್ಯಾಟ್‌ನ ಜಾತಿ, ಐ5-3320ಎಂ ಇದ್ದಹಾಗೆ. ಎಚ್ ಅಂದರೆ 45 ವ್ಯಾಟ್ ಆಸುಪಾಸಿನದು, ಗೇಮಿಂಗ್ ಮತ್ತು ಎಡಿಟಿಂಗ್ ಯಂತ್ರಗಳದ್ದು. ಇಲ್ಲೊಂದು ಸೂಕ್ಷ್ಮ ಇದೆ: 2012ರ ಐ5-3320ಎಂ, ಅದಕ್ಕಿಂತ ಹೊಸದಾದ ಐ5-4300ಯು ಎರಡೂ ಕೆಲಸದಲ್ಲಿ ಹೆಚ್ಚುಕಡಿಮೆ ಒಂದೇ. ಹೊಸದರ ಲಾಭ ವೇಗದಲ್ಲಿ ಕಾಣಲಿಲ್ಲ, ಅರ್ಧಕ್ಕಿಂತ ಕಡಿಮೆ ವ್ಯಾಟ್‌ನಲ್ಲಿ ಅದೇ ಕೆಲಸ ಮಾಡಿದ್ದರಲ್ಲಿ ಕಂಡಿತು.

ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ ಕಂಪನಿಯ ರೈಜನ್ ಚಿಪ್ಪಿನ ಯಂತ್ರ ಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. 7000 ಸರಣಿಯಲ್ಲಿ ಮೊದಲ ಅಂಕಿ ನೋಡಿದರೆ ಸಾಲದು, ಮೂರನೇ ಅಂಕಿಯೇ ಒಳಗಿನ ವಿನ್ಯಾಸ ಎಷ್ಟು ಹೊಸದು ಎಂಬುದನ್ನು ಹೇಳುತ್ತದೆ. ರೈಜನ್ 5 7520ಯು ಎಂಬುದರ ಮೂರನೇ ಅಂಕಿ 2, ಅಂದರೆ ಝೆನ್ 2, 2019ರಲ್ಲಿ ಬಂದ ವಿನ್ಯಾಸ, ಕೋರ್ ನಾಲ್ಕು. 7530ಯು ಝೆನ್ 3, ಕೋರ್ ಆರು. ಎರಡರ ಮೇಲೂ ‘ರೈಜನ್ 5, 7000 ಸೀರೀಸ್’ ಎಂದೇ ಬರೆದಿರುತ್ತದೆ. ಒಂದು ಅಂಕಿಯಲ್ಲಿ ಇಷ್ಟು ಅಂತರ.

ಎಂಟನೇ ಜನರೇಷನ್ ಎಂಬ ಗಡಿ

ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ನೆನಪಿಡಬೇಕಾದ ಒಂದೇ ಒಂದು ಗಡಿ ಇದು. ಏಳನೇ ಜನರೇಷನ್ ತನಕ ಯು ಜಾತಿಯ ಐ5 ಇರಲಿ, ಐ7 ಇರಲಿ, ಎರಡೇ ಕೋರ್. 2017ರ ಆಗಸ್ಟ್‌ನಲ್ಲಿ ಬಂದ ಎಂಟನೇ ಜನರೇಷನ್‌ನಲ್ಲಿ ಅದೇ 15 ವ್ಯಾಟ್‌ಗೆ ನಾಲ್ಕು ಕೋರ್, ಎಂಟು ಥ್ರೆಡ್ ಬಂತು. ಒಂದೇ ಹೆಜ್ಜೆಗೆ ಕೋರ್ ಇಮ್ಮಡಿಯಾದದ್ದು ಅಲ್ಲಿಯೇ.

ಅದೇ ಗೆರೆಯನ್ನು ವಿಂಡೋಸ್ 11 ಕೂಡ ಎಳೆದುಕೊಂಡಿತು. ಕೆಲವೇ ಅಪವಾದ ಬಿಟ್ಟರೆ ಇಂಟೆಲ್‌ನ ಎಂಟನೇ ಜನರೇಷನ್‌ಗಿಂತ ಹಿಂದಿನ ಕೋರ್ ಚಿಪ್ಪುಗಳನ್ನು ಮೈಕ್ರೋಸಾಫ್ಟ್ ಪಟ್ಟಿಗೆ ಸೇರಿಸಿಲ್ಲ, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಬೇಕು. ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯವರಿಗೆ ಹೆಚ್ಚುವರಿ ಅಪ್‌ಡೇಟ್ ಸಿಗುವ ಗಡುವು 2026ರ ಅಕ್ಟೋಬರ್ 13. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುವವರು ಎಲ್ಲ ಕಡೆ ಇದ್ದಾರೆ, ನಾಲ್ಕನೇ ಜನರೇಷನ್‌ನಲ್ಲಿ ಅದು ಓಡುವುದೂ ಹೌದು. ಆದರೆ ಮುಂದಿನ ದೊಡ್ಡ ಅಪ್‌ಡೇಟ್ ತಾನಾಗಿ ಬರುತ್ತದೆಂಬ ಭರವಸೆ ಇಲ್ಲ. ಕೋರ್ 2 ಡ್ಯುಯೊ (ಐ3, ಐ5 ಹೆಸರು ಬರುವ ಮುಂಚಿನ ಇಂಟೆಲ್ ಚಿಪ್ಪು) ಕಾಲದ ಯಂತ್ರಗಳಂತೂ ವಿಂಡೋಸ್ 11ರ 24ಎಚ್2 ಎಂಬ ಆವೃತ್ತಿಯಲ್ಲಿ ಬೂಟ್ ಆಗುವುದೇ ಇಲ್ಲ. ಆ ಆವೃತ್ತಿಗೆ ಬೇಕಾದ ಕೆಲವು ಆದೇಶಗಳು ಆ ಚಿಪ್ಪಿನಲ್ಲೇ ಇಲ್ಲ.

ಬ್ಯಾಂಕ್ ವ್ಯವಹಾರ, ಜಿಎಸ್‌ಟಿ, ಜನರ ಆಧಾರ್ ವಿವರ ಇರುವ ಯಂತ್ರದಲ್ಲಿ ಭದ್ರತಾ ಅಪ್‌ಡೇಟ್ ಇಲ್ಲದೆ ಕೂರುವುದು ನನಗೆ ಸರಿ ಕಾಣುವುದಿಲ್ಲ. ಇಲ್ಲಿ ಎಷ್ಟು ಗಟ್ಟಿಯಾಗಿ ಹೇಳಿದರೂ ಕಡಿಮೆಯೇ. ಹಳ್ಳಿಯ ಆನ್‌ಲೈನ್ ಸೆಂಟರ್‌ನಲ್ಲಿ ಹತ್ತೂರಿನ ಜನರ ದಾಖಲೆ ಒಂದೇ ಲ್ಯಾಪ್‌ಟಾಪ್‌ನಲ್ಲಿರುತ್ತದೆ.

ಗಿಗಾಹರ್ಟ್ಸ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಐ5-7200ಯುನ ಬೇಸ್ ಸ್ಪೀಡ್ 2.5 ಗಿಗಾಹರ್ಟ್ಸ್. ಅದರ ಮರುವರ್ಷದ ಐ5-8250ಯುನದ್ದು 1.6. ಕಾಗದದ ಮೇಲೆ ಹೊಸದು ಹಿಂದೆ ಬಿದ್ದಂತೆ ಕಾಣುತ್ತದೆ. ನಿಜದಲ್ಲಿ ಹೊಸದೇ ಬಹಳ ಮುಂದಿದೆ. ಬೇಸ್ ಸ್ಪೀಡ್ ಅಂದರೆ ಎಲ್ಲ ಕೋರ್‌ಗಳೂ ದುಡಿಯುವಾಗ ಆ 15 ವ್ಯಾಟ್‌ನೊಳಗೆ ಕಾಯ್ದುಕೊಳ್ಳಬಲ್ಲ ಕನಿಷ್ಠ ಗತಿ. ಎರಡು ಕೋರ್‌ಗೆ ಹಂಚುತ್ತಿದ್ದ ಕರೆಂಟನ್ನು ನಾಲ್ಕಕ್ಕೆ ಹಂಚುವಾಗ ಆ ಅಂಕಿ ಇಳಿಯಿತು, ಅಷ್ಟೇ. ತುರ್ತು ಕೆಲಸಕ್ಕೆ ಏರುವ ಟರ್ಬೊ ಗತಿ 3.1ರಿಂದ 3.4ಕ್ಕೆ ಏರಿದೆ.

ಗಿಗಾಹರ್ಟ್ಸ್ ಒಂದೇ ಆದರೂ ಹೊಸ ಕೋರ್ ಹೆಚ್ಚು ಕೆಲಸ ಮಾಡುವುದು ಹೇಗೆ? ಅಡಿಕೆ ಸುಲಿಯುವ ಮನೆ ನೆನಪಿಸಿಕೊಳ್ಳಿ. ಮೆಟ್ಟುಗತ್ತಿಯ ಮೇಲೆ ಕೈ ನಿಮಿಷಕ್ಕೆ ಎಷ್ಟು ಸಲ ಹೋಗುತ್ತದೆ ಎಂಬುದು ಗಿಗಾಹರ್ಟ್ಸ್. ಒಂದೊಂದು ಸಲಕ್ಕೆ ಎಷ್ಟು ಸಿಪ್ಪೆ ಬಿಡುತ್ತದೆ ಎಂಬುದು ಕೋರ್‌ನ ವಿನ್ಯಾಸ. ಸಾಲಾಗಿ ಕೂತ ಸುಲಿಯುವವರ ಸಂಖ್ಯೆ ಕೋರ್. ಜನ ಹೆಚ್ಚಾದರೆ ರಾಶಿ ಬೇಗ ಕರಗುತ್ತದೆ, ಆದರೆ ಒಂದು ಅಡಿಕೆಯನ್ನು ನಾಲ್ಕು ಜನ ಸೇರಿ ಸುಲಿಯಲಾಗದು. ಕಂಪ್ಯೂಟರಿನಲ್ಲೂ ಕೆಲವು ಕೆಲಸ ಹಂಚಿಕೊಳ್ಳಬಲ್ಲವು, ಕೆಲವು ಒಂದೇ ಕೋರ್ ಮೇಲೆ ಬೀಳುತ್ತವೆ. ವೆಬ್ ಪುಟ ತೆರೆಯುವಾಗ, ಎಕ್ಸೆಲ್ ಹಾಳೆ ಸರಿಸುವಾಗ ಕೈಗೆ ಸಿಗುವ ಚುರುಕುತನ ಬಹುಪಾಲು ಒಂದು ಕೋರ್‌ನ ಬಲ. ವಿಡಿಯೊ ಎಕ್ಸ್‌ಪೋರ್ಟ್ ಮಾಡುವಾಗ, ದೊಡ್ಡ ಫೈಲ್ ಜಿಪ್ ಮಾಡುವಾಗ ಎಲ್ಲ ಕೋರ್‌ಗಳ ಒಟ್ಟು ಬಲ.

ಚಿಪ್ಪಿನ ಒಳಗೆ ಆದ ಬದಲಾವಣೆಗೂ ಅಂಕಿಯಿದೆ. ನಾಲ್ಕನೇ ಜನರೇಷನ್‌ನ ಹ್ಯಾಸ್‌ವೆಲ್ ಕೋರ್ ಒಂದು ಸುತ್ತಿಗೆ ನಾಲ್ಕು ಆದೇಶಗಳನ್ನು ಬಿಡಿಸಿ ಓದಬಲ್ಲದು, ಮುಗಿಯದ ಆದೇಶಗಳನ್ನು 192ರವರೆಗೆ ಸರದಿಯಲ್ಲಿ ಹಿಡಿದಿಟ್ಟುಕೊಂಡು ಅವುಗಳಲ್ಲಿ ತಯಾರಿರುವುದನ್ನು ಮೊದಲು ಮಾಡಿ ಮುಗಿಸಬಲ್ಲದು. ಹನ್ನೆರಡನೇ ಜನರೇಷನ್‌ನಲ್ಲಿ ದೊಡ್ಡದು, ಸಣ್ಣದು ಎಂದು ಎರಡು ಬಗೆಯ ಕೋರ್ ಇವೆ. ಅದರ ದೊಡ್ಡ ಕೋರ್‌ನಲ್ಲಿ ಆ ನಾಲ್ಕು ಆರಾಗಿದೆ, 192 ಎಂಬುದು 512 ಆಗಿದೆ. ಮೆಮೊರಿಯಿಂದ ಮಾಹಿತಿ ಬರಲಿ ಎಂದು ಕೈಕಟ್ಟಿ ಕೂರುವ ಹೊತ್ತು ಇದರಿಂದ ಕಡಿಮೆಯಾಗುತ್ತದೆ. ಗಿಗಾಹರ್ಟ್ಸ್ ಅಂಕಿಯಲ್ಲಿ ಇದು ಯಾವುದೂ ಕಾಣುವುದಿಲ್ಲ.

ಈಗ ನಮ್ಮ ಎರಡು ಚಿಪ್ಪು. ಐ5-4300ಯು: ಎರಡು ಕೋರ್, ನಾಲ್ಕು ಥ್ರೆಡ್, 1.9ರಿಂದ 2.9 ಗಿಗಾಹರ್ಟ್ಸ್, 3 ಎಂಬಿ ಕ್ಯಾಶ್, 15 ವ್ಯಾಟ್. ಎನ್100: ನಾಲ್ಕು ಕೋರ್, ನಾಲ್ಕೇ ಥ್ರೆಡ್, 3.4 ಗಿಗಾಹರ್ಟ್ಸ್‌ವರೆಗೆ, 6 ಎಂಬಿ ಕ್ಯಾಶ್, 6 ವ್ಯಾಟ್. ಎನ್100ನ ನಾಲ್ಕೂ ಕೋರ್ ಹನ್ನೆರಡನೇ ಜನರೇಷನ್‌ನ ‘ಸಣ್ಣ’ ಕೋರ್‌ಗಳು. ಆದರೆ ಆ ಸಣ್ಣದೂ ಒಂದು ಸುತ್ತಿಗೆ ಮಾಡುವ ಕೆಲಸದಲ್ಲಿ ಆರನೇ ಜನರೇಷನ್‌ನ ಪೂರ್ಣ ಕೋರ್‌ಗೆ ಹತ್ತಿರ. ಹಾಗಾಗಿ ಒಂದು ಕೋರ್‌ನ ಕೆಲಸದಲ್ಲಿ ಎನ್100 ಹಳೇ ಐ5ನ್ನು ಸ್ಪಷ್ಟವಾಗಿ ಹಿಂದಿಕ್ಕುತ್ತದೆ, ಎಲ್ಲ ಕೋರ್ ಸೇರಿದ ಕೆಲಸದಲ್ಲಿ ಸುಮಾರು ಎರಡು ಪಟ್ಟು ಮುಂದಿದೆ, ಅದೂ ಅರ್ಧಕ್ಕಿಂತ ಕಡಿಮೆ ವ್ಯಾಟ್‌ನಲ್ಲಿ. ಐ5-8250ಯುನ ಪಕ್ಕ ಇಟ್ಟರೆ ಎರಡೂ ಹತ್ತಿರಹತ್ತಿರ.

ಹಾಗೆಂದು ಹೊಸದೆಲ್ಲ ಹಳೆಯದಕ್ಕಿಂತ ಮೇಲಲ್ಲ. ಸೆಲೆರಾನ್ ಎನ್4020 ಇರುವ ಹೊಸ ಡಬ್ಬ ಲ್ಯಾಪ್‌ಟಾಪ್ ನೋಡಿರುತ್ತೀರಿ. ಎರಡು ಕೋರ್, ಎರಡೇ ಥ್ರೆಡ್, 1.1ರಿಂದ 2.8 ಗಿಗಾಹರ್ಟ್ಸ್, ಎಷ್ಟೋ ಮಾಡೆಲ್‌ಗಳಲ್ಲಿ ಬೋರ್ಡಿಗೇ ಅಂಟಿದ 4 ಜಿಬಿ ರ್ಯಾಮ್. 2013ರ ಐ5 ಅದಕ್ಕಿಂತ ವೇಗ. ಮಗು ಹೈಸ್ಕೂಲಿಗೆ ಹೋಗುತ್ತದೆ, ಹೊಸದು ಅಗ್ಗಕ್ಕೆ ಸಿಕ್ಕಿತು ಎಂದು ಅದನ್ನು ತಂದವರು ಆರು ತಿಂಗಳಲ್ಲಿ ಬೇಸರಪಡುತ್ತಾರೆ. ಆ ಮನೆಯಲ್ಲಿ ಹಳೇ ಐ5 ಮೂಲೆಯಲ್ಲಿ ಬಿದ್ದಿದ್ದರೆ ಅದನ್ನೇ ಸರಿಮಾಡಿಸಿ ಎಂದು ಧೈರ್ಯವಾಗಿ ಹೇಳಬಹುದು.

ವಿಡಿಯೊ ನೋಡುವಾಗ ಫ್ಯಾನ್ ಕೂಗುವುದೇಕೆ

ಹಳೇ ಲ್ಯಾಪ್‌ಟಾಪ್‌ನ ಬಗ್ಗೆ ಬರುವ ಮುಖ್ಯ ದೂರು ಇದೇ: “ಬರೀ ಯೂಟ್ಯೂಬ್ ಹಾಕಿದ್ದು, ಫ್ಯಾನ್ ಯಾಕೆ ಹೀಗೆ ಕೂಗ್ತದೆ?” ಕಾರಣ ಪ್ರಾಸೆಸರ್‌ನ ವೇಗಕ್ಕಿಂತ ಬೇರೆಡೆ ಇದೆ. ವಿಡಿಯೊವನ್ನು ಒತ್ತಿ ಚಿಕ್ಕದು ಮಾಡುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಅದನ್ನು ಬಿಡಿಸಲು ಚಿಪ್ಪಿನಲ್ಲೇ ಪ್ರತ್ಯೇಕ ಯಂತ್ರಭಾಗ ಇರುತ್ತದೆ. ಚಿಪ್ಪಿಗೆ ಗೊತ್ತಿರುವ ಕೋಡೆಕ್ ಆದರೆ ಆ ಭಾಗ ಕೆಲಸ ಮಾಡಿ ಮುಗಿಸುತ್ತದೆ, ಕೋರ್‌ಗಳಿಗೆ ಸುದ್ದಿಯೇ ಇಲ್ಲ. ಗೊತ್ತಿಲ್ಲದಿದ್ದರೆ ಕೋರ್‌ಗಳೇ ಲೆಕ್ಕ ಹಾಕಿ ಬಿಡಿಸಬೇಕು. ನಾಲ್ಕನೇ ಜನರೇಷನ್‌ಗೆ ಎಚ್.264 ಎಂಬ ಹಳೇ ಕೋಡೆಕ್ ಚೆನ್ನಾಗಿ ಗೊತ್ತು. ವಿಪಿ9ಕ್ಕೆ ಪೂರ್ಣ ಬೆಂಬಲ ಬಂದದ್ದು ಏಳನೆಯದರಲ್ಲಿ, ಎವಿ1 ಬಂದದ್ದು ಹನ್ನೊಂದನೆಯದರಲ್ಲಿ. ಎನ್100ಕ್ಕೆ ಮೂರೂ ಗೊತ್ತು. ಯೂಟ್ಯೂಬ್ ಈಗ ಹೆಚ್ಚಾಗಿ ಕಳಿಸುವುದು ವಿಪಿ9, ಎವಿ1.

ನೀವೇ ಪರೀಕ್ಷೆ ಮಾಡಿ. ಯಾವುದಾದರೂ ಯಕ್ಷಗಾನದ ಎಚ್‌ಡಿ ವಿಡಿಯೊ ಹಾಕಿ, ಚಿತ್ರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಆರಿಸಿ. ಮೂಲೆಯಲ್ಲಿ ಸಣ್ಣ ಕಪ್ಪು ಪೆಟ್ಟಿಗೆ ಬರುತ್ತದೆ. ಕೋಡೆಕ್ಸ್ ಎಂಬ ಸಾಲಿನಲ್ಲಿ ಯಾವ ಕೋಡೆಕ್ ಎಂದು ಕಾಣುತ್ತದೆ, ಅಲ್ಲೇ ಮೇಲೆ ಎಷ್ಟು ಫ್ರೇಮ್ ಬಿಟ್ಟುಹೋದವು ಎಂಬ ಲೆಕ್ಕ ಓಡುತ್ತಿರುತ್ತದೆ. ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಡಿ. ಭಾಗವತರು ಪದ ಎತ್ತಿ, ವೇಷಧಾರಿ ರಂಗದ ತುಂಬ ಧಿಗಿಣ ಹಾಕುವಾಗ ನೋಡಿ. ಹಳೇ ಯಂತ್ರದಲ್ಲಿ ಸಿಪಿಯು ಶೇಕಡಾ 70, 80 ದಾಟಿ, ಬಿಟ್ಟ ಫ್ರೇಮ್‌ಗಳ ಲೆಕ್ಕ ಏರುತ್ತ ಹೋದರೆ ಕೋರ್‌ಗಳೇ ಹೆಣಗುತ್ತಿವೆ ಎಂದರ್ಥ. ಹೊಸದರಲ್ಲಿ ಸಿಪಿಯು ತಣ್ಣಗಿದ್ದು ಜಿಪಿಯು (ಗ್ರಾಫಿಕ್ಸ್ ಭಾಗ) ಪುಟದ ‘ವಿಡಿಯೊ ಡಿಕೋಡ್’ ಗೆರೆ ಮಾತ್ರ ಏರುತ್ತದೆ. ಹಳೇ ಯಂತ್ರಕ್ಕೆ ಒಂದು ಉಪಾಯವೂ ಇದೆ. ಯೂಟ್ಯೂಬ್ ಎಚ್.264ನ್ನೇ ಕಳಿಸುವಂತೆ ಮಾಡುವ ಉಚಿತ ಎಕ್ಸ್‌ಟೆನ್ಷನ್‌ಗಳು ಬ್ರೌಸರ್‌ಗೆ ಸಿಗುತ್ತವೆ. ಹಾಕಿಕೊಂಡರೆ 1080 ವರೆಗಿನ ವಿಡಿಯೊಕ್ಕೆ ಫ್ಯಾನ್ ಸುಮ್ಮನಾಗುತ್ತದೆ.

ಮದುವೆ, ಉಪನಯನದ ವಿಡಿಯೊ ಎಡಿಟ್ ಮಾಡುವವರಿಗೆ ಈ ವಿಷಯ ಇನ್ನೂ ಮುಖ್ಯ. ಈಗಿನ ಫೋನು, ಕ್ಯಾಮೆರಾಗಳು ಎಚ್.265 ಎಂಬ ಕೋಡೆಕ್‌ನಲ್ಲಿ ಚಿತ್ರೀಕರಿಸುತ್ತವೆ. ಅದರ 10 ಬಿಟ್ (ಹೆಚ್ಚು ಬಣ್ಣಛಾಯೆ ಹಿಡಿಯುವ) ವಿಧಕ್ಕೆ ಏಳನೇ ಜನರೇಷನ್ ಬೇಕು. ಕ್ಯಾಮೆರಾದಲ್ಲಿ ಬಣ್ಣದ ವಿವರ ಹೆಚ್ಚು ಉಳಿಸುವ 4:2:2 ಎಂಬ ಆಯ್ಕೆ ಇಟ್ಟು ಶೂಟ್ ಮಾಡುವವರಾದರೆ ಹನ್ನೊಂದನೆಯದೋ ನಂತರದ್ದೋ ಇಂಟೆಲ್ ತೆಗೆದುಕೊಳ್ಳಿ, ಟೈಮ್‌ಲೈನ್ ತಡವರಿಸುವುದಿಲ್ಲ.

ಸೆಕೆ, ಉಪ್ಪುಗಾಳಿ, ಹೋಗುವ ಕರೆಂಟು

ಇಂಟರ್ನೆಟ್‌ನಲ್ಲಿ ಸಿಗುವ ಹೋಲಿಕೆಗಳನ್ನು ಬಹುಪಾಲು ತಂಪಾದ ಕೋಣೆಯಲ್ಲಿ ಮಾಡಿರುತ್ತಾರೆ. ಏಪ್ರಿಲ್, ಮೇ ತಿಂಗಳ ಅಂಕೋಲೆಯಲ್ಲೋ ಹೊನ್ನಾವರದಲ್ಲೋ ಮಧ್ಯಾಹ್ನ ಕೋಣೆಯ ಬಿಸಿ 33, 34 ಡಿಗ್ರಿ ಇರುತ್ತದೆ. ಐ5-4300ಯು ತಡೆಯುವ ಮಿತಿ 100 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ಚಿಪ್ಪು ತಾನೇ ಗತಿ ಇಳಿಸಿಕೊಳ್ಳುತ್ತದೆ. 22 ಡಿಗ್ರಿಯ ಕೋಣೆಯಲ್ಲಿ 90ರಲ್ಲಿ ನಿಲ್ಲುವ ಯಂತ್ರ, 34 ಡಿಗ್ರಿಯ ಕೋಣೆಯಲ್ಲಿ 100ಕ್ಕೆ ತಾಗುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಕರಾವಳಿಯವರ ಲ್ಯಾಪ್‌ಟಾಪ್ ಶಿರಸಿಯವರ ಅದೇ ಲ್ಯಾಪ್‌ಟಾಪ್‌ಗಿಂತ ನಿಧಾನ ಅನ್ನಿಸಿದರೆ ಅದು ಭ್ರಮೆಯಲ್ಲ.

ಹೋಲಿಕೆಗೆ ಮುಂಚೆ ಹಳೇ ಯಂತ್ರವನ್ನು ಬಿಚ್ಚಿಸಿ ಶುಚಿ ಮಾಡಿಸಲೇಬೇಕು. ಫ್ಯಾನಿನ ಗಾಳಿ ಹೊರಹೋಗುವ ತಾಮ್ರದ ಜಾಲರಿಗೂ ಫ್ಯಾನಿಗೂ ನಡುವೆ ಧೂಳು ಕಂಬಳಿಯ ಹಾಗೆ ಗಟ್ಟಿ ಪದರವಾಗಿ ಕೂತಿರುತ್ತದೆ. ಹೊರಗಿನಿಂದ ಊದಿದರೆ ಹೋಗುವುದಿಲ್ಲ, ಫ್ಯಾನ್ ತೆಗೆದರೇ ಕಾಣುವುದು. ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿರುತ್ತದೆ. ಸಮುದ್ರದ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿಗೆ ರ್ಯಾಮ್‌ನ ಚಿನ್ನದ ಬಣ್ಣದ ಕಡ್ಡಿಗಳು ಮಂಕಾಗಿ ಯಂತ್ರ ಆನ್ ಆದರೂ ಪರದೆ ಬರುವುದಿಲ್ಲ. ಕೆಲಸ ಗೊತ್ತಿದ್ದವರು ಬ್ಯಾಟರಿ ತೆಗೆದು, ಆ ಕಡ್ಡಿಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಒರೆಸಿ ಹಾಕಿದರೆ ಎಷ್ಟೋ ಸಲ ಎದ್ದು ಕೂರುತ್ತದೆ. ಬೋರ್ಡ್ ಹೋಯಿತೆಂದು ಕೈಬಿಡುವ ಮುಂಚೆ ಇಷ್ಟಾದರೂ ಮಾಡಿಸಿ.

ಶುಚಿ ಮಾಡಿಸಿದ ಮೇಲೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಪೀಡ್ 0.8 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಕೂತಿದ್ದರೆ ಚಾರ್ಜರ್ ನೋಡಿ. ಕೆಲವು ಕಂಪನಿಗಳ ಲ್ಯಾಪ್‌ಟಾಪ್‌ಗಳು ತಮ್ಮ ಚಾರ್ಜರನ್ನು ಗುರುತು ಹಿಡಿಯಲಾಗದಿದ್ದರೆ ಪ್ರಾಸೆಸರ್ ಗತಿಯನ್ನು ಬೇಕೆಂದೇ ಕಟ್ಟಿಹಾಕುತ್ತವೆ. ಡೂಪ್ಲಿಕೇಟ್ ಚಾರ್ಜರ್ ತೆಗೆದು ಬರೀ ಬ್ಯಾಟರಿಯಲ್ಲಿ ಓಡಿಸಿದಾಗ ಸ್ಪೀಡ್ ಏರಿದರೆ ಕಾಯಿಲೆ ಅದೇ. ಪ್ರಾಸೆಸರ್ ಹಳೆಯದಾಯಿತೆಂದು ಬೈಯುತ್ತ ವರ್ಷಗಟ್ಟಲೆ ಹಾಗೇ ಓಡಿಸುವವರಿದ್ದಾರೆ.

ಮಳೆಗಾಲದಲ್ಲಿ ಘಟ್ಟದ ಮೇಲಿನವರ ಚಿಂತೆ ಬೇರೆ. ಲೈನ್ ಮೇಲೆ ಮರ ಬಿತ್ತೆಂದರೆ ಕರೆಂಟ್ ಯಾವಾಗ ಬರುತ್ತದೆ ಎಂದು ಹೇಳುವಂತಿಲ್ಲ. ಆಗ ವ್ಯಾಟ್ ಲೆಕ್ಕವೇ ಮುಖ್ಯ. ಬ್ಯಾಟರಿಯ ಮೇಲೆ ವ್ಯಾಟ್-ಅವರ್ ಎಂಬ ಅಂಕಿ ಇರುತ್ತದೆ. 42 ವ್ಯಾಟ್-ಅವರ್ ಬ್ಯಾಟರಿಯಲ್ಲಿ ಪರದೆ ಸೇರಿ ಇಡೀ ಯಂತ್ರ 7 ವ್ಯಾಟ್ ಎಳೆದರೆ ಆರು ಗಂಟೆ, 14 ಎಳೆದರೆ ಮೂರು ಗಂಟೆ. ಬರವಣಿಗೆ, ಲೆಕ್ಕದ ಕೆಲಸಕ್ಕೆ ಎನ್100ನಂತಹ ಚಿಪ್ಪು ಸಲೀಸು. ನಾಲ್ಕನೇ ಜನರೇಷನ್‌ನ ಯು ಕೂಡ ತನ್ನ ಕಾಲಕ್ಕೆ ಮಿತವ್ಯಯಿಯೇ, ಮೂರನೆಯದರ ಎಂ ಜಾತಿಗಿಂತ ಎಷ್ಟೋ ವಾಸಿ. ಆದರೆ ಅದರ ಬ್ಯಾಟರಿಗೂ ಹತ್ತು ವರ್ಷ ಆಗಿದೆ. ಹೊಸ ಬ್ಯಾಟರಿ ಖರ್ಚನ್ನು ಹಳೆಯದರ ಲೆಕ್ಕಕ್ಕೇ ಸೇರಿಸಿ.

ಇನ್ನೊಂದು ಮಾತು: ಪೆಟ್ಟಿಗೆಯ ಮೇಲಿನ ವ್ಯಾಟ್ ಅಂಕಿ ಕೊನೆಯ ಮಾತಲ್ಲ. ಐ5-1235ಯು 15 ವ್ಯಾಟ್ ಎಂದಿದ್ದರೂ ಕ್ಷಣಕಾಲ 55ರವರೆಗೆ ಏರಬಹುದು. ತೆಳ್ಳಗಿನ ಲ್ಯಾಪ್‌ಟಾಪ್ ಆ ಬಿಸಿಯನ್ನು ಹೊರಹಾಕಲಾರದೆ ಬೇಗ ಇಳಿಸುತ್ತದೆ, ದಪ್ಪನೆಯದು ಹೆಚ್ಚು ಹೊತ್ತು ತಡೆಯುತ್ತದೆ. ಒಂದೇ ಚಿಪ್ಪು, ಎರಡು ಲ್ಯಾಪ್‌ಟಾಪ್, ಎರಡು ಬೇರೆ ಫಲಿತಾಂಶ. ಎನ್100 ಇರುವ ಕೆಲವು ಯಂತ್ರಗಳಲ್ಲಿ ಫ್ಯಾನೇ ಇರುವುದಿಲ್ಲ. ಸದ್ದಿಲ್ಲ, ಧೂಳೂ ಎಳೆಯುವುದಿಲ್ಲ, ಆದರೆ ನಮ್ಮ ಸೆಕೆಗೆ ದೀರ್ಘ ಕೆಲಸದಲ್ಲಿ ಅದು ಮೊದಲು ಸುಸ್ತಾಗುತ್ತದೆ.

ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯುವುದು

ಮೊದಲು ಒಂದು ಅನ್ಯಾಯ ಸರಿಪಡಿಸಿ. ಹಳೆಯದರಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದು ಹೊಸದರಲ್ಲಿ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇದ್ದರೆ ನೀವು ಹೋಲಿಸುತ್ತಿರುವುದು ಪ್ರಾಸೆಸರನ್ನಲ್ಲ, ಡಿಸ್ಕನ್ನು. ಆನ್ ಆಗಲು ಮೂರು ನಿಮಿಷ, ವರ್ಡ್ ತೆರೆಯಲು ಅರ್ಧ ನಿಮಿಷ, ಇವೆಲ್ಲ ಬಹುಪಾಲು ಡಿಸ್ಕಿನ ದೋಷ. ಹಾರ್ಡ್ ಡಿಸ್ಕಿನ ಜಾಗಕ್ಕೇ ಕೂರುವ ಒಂದು ಸಾಟಾ ಎಸ್‌ಎಸ್‌ಡಿ ಹಾಕಿಸಿ, ರ್ಯಾಮ್ 8 ಜಿಬಿ ಮಾಡಿಸಿ, ಆಮೇಲೆ ತೂಗಿ. ನಾಲ್ಕನೇ ಜನರೇಷನ್ ಯು ಚಿಪ್ಪಿಗೆ ಡಿಡಿಆರ್3ಎಲ್ ಎಂಬ 1.35 ವೋಲ್ಟ್‌ನ ರ್ಯಾಮ್ ಬೇಕು. ಕೊನೆಯ ‘ಎಲ್’ ಇಲ್ಲದ್ದನ್ನು ತಂದರೆ ಯಂತ್ರ ಏಳದೇ ಇರಬಹುದು.

ಅಳೆಯಲು ದೊಡ್ಡ ಸಾಫ್ಟ್‌ವೇರ್ ಬೇಡ. ಫೈಲ್‌ಗಳನ್ನು ಒತ್ತಿ ಚಿಕ್ಕದು ಮಾಡುವ ಸೆವೆನ್-ಜಿಪ್ ಸಾಕು. ಅದು ಉಚಿತ, ಚಿಕ್ಕದು, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಅಂಗಡಿಗೇ ಒಯ್ಯಬಹುದು. ಅದನ್ನು ತೆರೆದು ಟೂಲ್ಸ್ ಮೆನುವಿನಲ್ಲಿ ಬೆಂಚ್‌ಮಾರ್ಕ್ ಒತ್ತಿ. ಮೊದಲು ಥ್ರೆಡ್ ಸಂಖ್ಯೆ 1 ಇಟ್ಟು ಒಟ್ಟು ರೇಟಿಂಗ್ ಬರೆದುಕೊಳ್ಳಿ, ಆಮೇಲೆ ಎಲ್ಲ ಥ್ರೆಡ್ ಇಟ್ಟು ಬರೆದುಕೊಳ್ಳಿ. ಅದೇ ಕಿಟಕಿಯಲ್ಲಿರುವ ‘ಡಿಕ್ಷನರಿ ಸೈಜ್’ ಎಂಬ ಆಯ್ಕೆ ಎರಡೂ ಯಂತ್ರದಲ್ಲಿ ಒಂದೇ ಇರಲಿ. ಎರಡನೇ ಪರೀಕ್ಷೆಯನ್ನು ಹತ್ತು ನಿಮಿಷ ಓಡಲು ಬಿಡಿ. ಮೊದಲ ನಿಮಿಷದ ಅಂಕಿಗೂ ಹತ್ತನೇ ನಿಮಿಷದ ಅಂಕಿಗೂ ಇರುವ ಅಂತರವೇ ಆ ಯಂತ್ರದ ಕೂಲಿಂಗ್ ಹೇಗಿದೆ ಎಂಬುದಕ್ಕೆ ಸಾಕ್ಷಿ. ಅಂಗಡಿಯಲ್ಲಿ ಹತ್ತು ನಿಮಿಷ ಬಿಡುವುದಿಲ್ಲ ಎಂದರೆ ಆ ಸೆಕೆಂಡ್ ಹ್ಯಾಂಡ್ ಬೇಡ.

ಇಂಟರ್ನೆಟ್‌ನ ಅಂಕಿ ಬಳಸುವವರು ಗೀಕ್‌ಬೆಂಚ್ ಎಂಬ ವೇಗ ಅಳೆಯುವ ಸಾಫ್ಟ್‌ವೇರ್‌ನ 5ನೇ ಆವೃತ್ತಿಯ ಅಂಕವನ್ನು 6ನೆಯದರ ಅಂಕದ ಜೊತೆ ಹೋಲಿಸಬೇಡಿ, ಅವೆರಡರ ಅಳತೆಗೋಲೇ ಬೇರೆ.

ಹಾಗಾದರೆ ಏನು ಮಾಡಬೇಕು

ಮನೆಯಲ್ಲಿ ಮೂರರಿಂದ ಏಳನೇ ಜನರೇಷನ್‌ನ ಯಂತ್ರ ಇದ್ದು, ಕೆಲಸ ಓದು, ಬರಹ, ಬ್ರೌಸರ್, ಸಣ್ಣ ಲೆಕ್ಕ ಇಷ್ಟೇ ಆದರೆ ಎಸ್‌ಎಸ್‌ಡಿ ಮತ್ತು ರ್ಯಾಮ್ ಹಾಕಿಸಿ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿ. ಕನ್ನಡ ಯೂನಿಕೋಡ್ ಟೈಪಿಂಗ್ ಅದರಲ್ಲಿ ಚೆನ್ನಾಗಿಯೇ ಬರುತ್ತದೆ, ಭದ್ರತಾ ಅಪ್‌ಡೇಟೂ ಸಿಗುತ್ತದೆ. ಟ್ಯಾಲಿ ಬೇಕಾದವರಿಗೆ, ಬೆರಳಚ್ಚು ಯಂತ್ರ ಅಥವಾ ಡಿಜಿಟಲ್ ಸಹಿಯ ಡಾಂಗಲ್ ಇಟ್ಟುಕೊಂಡು ಸೇವಾ ಕೇಂದ್ರ ನಡೆಸುವವರಿಗೆ ಇದು ಆಗಿಬರುವುದಿಲ್ಲ. ಅವರು ಎಂಟನೇ ಜನರೇಷನ್‌ನಿಂದ ಮೇಲಿನದನ್ನೇ ನೋಡಬೇಕು. ಕೋರ್ 2 ಡ್ಯುಯೊಕ್ಕೆ ಇನ್ನು ದುಡ್ಡು ಹಾಕಬೇಡಿ.

ಎನ್100 ಹೊಸದೋ, ಐ5-8250ಯು ಸೆಕೆಂಡ್ ಹ್ಯಾಂಡೋ ಎಂಬ ಪ್ರಶ್ನೆ ಬಂದರೆ ಬ್ಯಾಟರಿ ಗಟ್ಟಿ ಇದ್ದು, ಹತ್ತು ನಿಮಿಷದ ಪರೀಕ್ಷೆ ದಾಟಿದ 8250ಯು ನನ್ನ ಆಯ್ಕೆ. ರ್ಯಾಮ್ ಏರಿಸಲು ಅವಕಾಶ ಇರುವ ಮಾಡೆಲ್‌ಗಳು ಅದರಲ್ಲಿ ಹೆಚ್ಚು. ಆದರೆ ರಿಪೇರಿಯವರು ಹತ್ತಿರ ಇಲ್ಲದ ಊರು, ಜೋಯಿಡಾದ ಒಳಹಳ್ಳಿಯಂಥದ್ದು ಆದರೆ ವಾರಂಟಿ ಇರುವ ಎನ್100 ತರುವುದೇ ಜಾಣತನ. ಸ್ವಲ್ಪ ಹೆಚ್ಚು ಕೊಡಬಲ್ಲಿರಾದರೆ ಐ3-1215ಯು ನೋಡಿ. ಎರಡು ದೊಡ್ಡ ಕೋರ್, ನಾಲ್ಕು ಸಣ್ಣ ಕೋರ್, 4.4 ಗಿಗಾಹರ್ಟ್ಸ್‌ವರೆಗೆ. ಈ ‘ಬರೀ ಐ3’ ನಮ್ಮ ಹಳೇ ಐ5ನ್ನು ಎಲ್ಲ ಲೆಕ್ಕದಲ್ಲೂ ಬಹಳ ಹಿಂದೆ ಹಾಕುತ್ತದೆ, ಒಂದು ಮನೆಯ ಕೆಲಸಕ್ಕೆ ಹಲವು ವರ್ಷ ಸಾಕು. ಮಾಜಾಳಿಯ ಎಂಜಿನಿಯರಿಂಗ್ ಕಾಲೇಜಿಗೆ ಹೊರಟ ಮಕ್ಕಳಿಗೆ, ಕ್ಯಾಡ್‌ನಂತಹ (ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ) ಭಾರದ ಸಾಫ್ಟ್‌ವೇರ್ ಬರುತ್ತದೆಂದಾದರೆ ಐ5-1235ಯು ಅಥವಾ ರೈಜನ್ 5 7530ಯುಗಿಂತ ಕೆಳಗೆ ಇಳಿಯಬೇಡಿ, ರ್ಯಾಮ್ 16 ಜಿಬಿಯೇ ಇರಲಿ.

ಬಿಲ್ ಮಾಡಿಸುವ ಮುಂಚೆ ಒಂದು ಪ್ರಶ್ನೆ ಕೇಳಿ: ರ್ಯಾಮ್ ಸ್ಲಾಟ್ ಎಷ್ಟು, ಖಾಲಿ ಇರುವುದು ಎಷ್ಟು? 1215ಯು, 7530ಯುನಂಥ ಚಿಪ್ಪುಗಳು ಎರಡು ರ್ಯಾಮ್ ಕಡ್ಡಿಗಳನ್ನು ಜೊತೆಯಾಗಿ ಬಳಸಬಲ್ಲವು. ಒಂದೇ 8 ಜಿಬಿ ಕಡ್ಡಿ ಇದ್ದಲ್ಲಿ ಇನ್ನೊಂದು 8 ಜಿಬಿ ಹಾಕಿಸಿದರೆ ಜಾಗ ಹೆಚ್ಚುವುದರ ಜೊತೆಗೆ ಒಳಗಿನ ಗ್ರಾಫಿಕ್ಸ್ ಕೂಡ ಚುರುಕಾಗುತ್ತದೆ. ಎನ್100ಕ್ಕೆ ಮೆಮೊರಿ ಚಾನೆಲ್ ಒಂದೇ, ಅಂದರೆ ಎರಡು ಕಡ್ಡಿಯನ್ನು ಜೊತೆಯಾಗಿ ಬಳಸುವ ಲಾಭ ಅದಕ್ಕಿಲ್ಲ. ಅದರಲ್ಲಿ ರ್ಯಾಮ್ ಬೋರ್ಡಿಗೆ ಅಂಟಿದ್ದರೆ ಇವತ್ತು ತಂದಷ್ಟೇ ಕೊನೆಯವರೆಗೂ, ಆದ್ದರಿಂದ 4 ಜಿಬಿಯದನ್ನು ತರಬೇಡಿ, 8 ಜಿಬಿಯದನ್ನೇ ತನ್ನಿ.